ಟಾಪು ತೆರೆದ ಹೆರಾಲ್ಡ್, ಆರ್‌ಸಿಯಲ್ಲಿ ಇಲ್ಲದ ಇಂಜಿನ್

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕಳೆದ ತಿಂಗಳ ಒಂದು ಭಾನುವಾರ ತಮ್ಮ ಪತ್ರಿಕೆಯ ಕಿರುಜಾಹೀರಾತು ಪುಟದಲ್ಲಿ, ಬಾವಿಯ ರಿಂಗು ಮತ್ತು ಹಳೆಯ ಹಂಚು ಮಾರಾಟಕ್ಕಿವೆ ಎಂಬ ಎರಡು ಜಾಹೀರಾತುಗಳ ನಡುವೆ, ನಾಲ್ಕೇ ಸಾಲಿನ ಒಂದು ಪ್ರಕಟಣೆ ನನ್ನ ಕಣ್ಣಿಗೆ ಬಿತ್ತು. 1967ರ ಸ್ಟ್ಯಾಂಡರ್ಡ್ ಹೆರಾಲ್ಡ್, ಎರಡು ಬಾಗಿಲು, ಓಪನ್ ಟಾಪ್, ಹೆಚ್ಚು ಶಕ್ತಿಯ ಹೊಸ ಇಂಜಿನ್, ಐದು ಗೇರು, ದಾಖಲೆಪತ್ರ ಸರಿ ಇದೆ, ಬೆಲೆ ಒಂಬತ್ತೂವರೆ ಲಕ್ಷ ಎಂದು ಅದರಲ್ಲಿತ್ತು. ಜಾಹೀರಾತು ಕೊಟ್ಟವರ ಮೇಲೆ ದೂರು ಹೇಳುವುದಕ್ಕೆ ನಾನು ಈ ಪತ್ರ ಬರೆಯುತ್ತಿಲ್ಲ. ಅವರನ್ನು ನಾನು ಕಂಡು ಮಾತನಾಡಿ ಬಂದಿದ್ದೇನೆ. ಕೆಲಸ ಬಲ್ಲವರು, ಮಾತಿನಲ್ಲಿ ನೇರ ಇರುವವರು. ಆದರೆ ಇಂಜಿನ್ ಹೊಸದು ಎಂಬ ಮಾತೂ ದಾಖಲೆಪತ್ರ ಸರಿ ಇದೆ ಎಂಬ ಮಾತೂ ಒಂದೇ ಕಾರಿನ ವಿಷಯದಲ್ಲಿ ಒಟ್ಟಿಗೆ ನಿಜವಾಗಿರುವುದು ಬಹಳ ಕಷ್ಟ. ಅದನ್ನು ತಿಳಿಯದೆ ಹಣ ಕೊಡುವವರು ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ಈಗ ಹೆಚ್ಚುತ್ತಿರುವುದರಿಂದ ಈ ವಿಷಯವನ್ನು ತಮ್ಮ ಮೂಲಕ ಓದುಗರ ಮುಂದಿಡಬೇಕೆನಿಸಿತು.

ನನ್ನ ತಂಗಿಯ ಮಗ ದುಬೈಯಲ್ಲಿ ಕೆಲಸದಲ್ಲಿದ್ದಾನೆ. ರಜೆಯಲ್ಲಿ ಊರಿಗೆ ಬಂದಿದ್ದವನು ಆ ಜಾಹೀರಾತನ್ನು ಕತ್ತರಿಸಿ ಕಿಸೆಯಲ್ಲಿಟ್ಟುಕೊಂಡು ಬಂದು, "ಮಾವ, ಒಮ್ಮೆ ನೋಡಿಕೊಂಡು ಬರುವ" ಎಂದ. ನಾನು ಮೂವತ್ತು ವರ್ಷ ಪಾಲಿಟೆಕ್ನಿಕ್ಕಿನ ಆಟೊಮೊಬೈಲ್ ವಿಭಾಗದಲ್ಲಿ ಪಾಠ ಹೇಳಿದವನಾದುದರಿಂದ, ಬಂಧುಗಳಲ್ಲಿ ಯಾರು ಹಳೆಯ ಗಾಡಿ ಕೊಳ್ಳುವುದಿದ್ದರೂ ನನ್ನನ್ನು ಜತೆಗೆ ಕರೆದೊಯ್ಯುವುದು ರೂಢಿ. ಹಾಗೆ ಹೋಗಿ ನಾನು ಬೇಡವೆಂದು ತಪ್ಪಿಸಿದ ಗಾಡಿಗಳೇ ಜಾಸ್ತಿ ಎಂಬ ಅಪವಾದವೂ ನನ್ನ ಮೇಲಿದೆ. ಕಾರು ಇದ್ದದ್ದು ಕಲ್ಯಾಣಪುರದ ಕಡೆ, ಸಂತೆಕಟ್ಟೆಯಿಂದ ಒಳಗೆ ಹೋಗುವ ಓಣಿಯೊಂದರ ಕೊನೆಯಲ್ಲಿ, ತೆಂಗಿನ ತೋಟಕ್ಕೆ ತಾಗಿದ ತಗಡಿನ ಮಾಡಿನ ಕೆಳಗೆ. ಹೊದೆಸಿದ್ದ ಬಟ್ಟೆಯನ್ನು ಸರಿಸಿದಾಗ ಸತ್ಯವಾಗಿ ಹೇಳುವುದಾದರೆ ನನಗೂ ಒಂದು ಕ್ಷಣ ಮಾತು ಹೊರಡಲಿಲ್ಲ. ಹಾಲಿನ ಕೆನೆಯ ಬಣ್ಣ, ಹಿಂದುಗಡೆ ಸಣ್ಣ ರೆಕ್ಕೆಯಂತೆ ಎದ್ದು ನಿಂತ ಮಡ್ಗಾರ್ಡಿನ ಅಂಚು, ಹಿಂದಿನ ಸೀಟಿನ ಬೆನ್ನಿಗೆ ಮಡಚಿಟ್ಟ ಕಪ್ಪು ಕ್ಯಾನ್ವಾಸಿನ ಹುಡ್.

ಹೆರಾಲ್ಡಿನ ಬಾನೆಟ್ ಬೇರೆ ಕಾರುಗಳದ್ದರಂತೆ ಮುಚ್ಚಳದ ಹಾಗೆ ಏಳುವುದಿಲ್ಲ. ಮಡ್ಗಾರ್ಡು, ಹೆಡ್‌ಲೈಟುಗಳ ಸಮೇತ ಇಡೀ ಮೂತಿಯೇ ಮುಂದಕ್ಕೆ ಬಗ್ಗುತ್ತದೆ. ಮೇಸ್ತ್ರಿಯಾದವನು ಮುಂದಿನ ಟಯರಿನ ಮೇಲೆ ಕುಳಿತುಕೊಂಡು ಇಂಜಿನ್ನಿನ ಕೆಲಸ ಮಾಡಬಹುದು. ಹಾಗೆ ತೆರೆದಾಗ ಒಳಗೆ ಕಂಡದ್ದು ಮಾರುತಿ ಜಿಪ್ಸಿಯ 1298 ಸಿಸಿ ಇಂಜಿನ್. ವೈರುಗಳನ್ನೆಲ್ಲ ಓರಣವಾಗಿ ಕಟ್ಟಲಾಗಿತ್ತು, ಒಂದು ಹನಿ ಎಣ್ಣೆಯ ಪಸೆ ಎಲ್ಲಿಯೂ ಇರಲಿಲ್ಲ. ಕೀಲಿ ತಿರುಗಿಸಿದೊಡನೆ ಇಂಜಿನ್ ಹಿಡಿಯಿತು. ನಾನು ಕಿಸೆಯಿಂದ ತೆಳು ಕಾಗದ ತೆಗೆದು ಇಂಜಿನ್ ಬ್ಲಾಕಿನ ಮೇಲೆ ಹೊಡೆದ ನಂಬರಿನ ಮೇಲಿಟ್ಟು, ಆರ್‌ಟಿಒ ಕಚೇರಿಯಲ್ಲಿ ಮಾಡುವ ಹಾಗೆ, ಪೆನ್ಸಿಲಿನಿಂದ ಉಜ್ಜಿ ಪ್ರಿಂಟ್ ತೆಗೆದೆ. ಬಳಿಕ ರಟ್ಟು ಬಿಟ್ಟುಹೋಗಿದ್ದ ಹಳೆಯ ಆರ್‌ಸಿ, ಅಂದರೆ ನೋಂದಣಿ ಪುಸ್ತಕವನ್ನು ಕೇಳಿ ಪಡೆದು ಎರಡನ್ನೂ ಪಕ್ಕಪಕ್ಕ ಇಟ್ಟೆ. ಅದರಲ್ಲಿ ಇದ್ದದ್ದು 1967ರಲ್ಲಿ ಬರೆದ ಸ್ಟ್ಯಾಂಡರ್ಡ್ ಕಂಪೆನಿಯ ಇಂಜಿನ್ ನಂಬರು, 948 ಸಿಸಿ, ಸಲೂನ್ (ಗಟ್ಟಿ ಟಾಪಿನ) ಬಾಡಿ. ನಂಬರೂ ಬೇರೆ, ಸಿಸಿಯೂ ಬೇರೆ, ಬಾಡಿಯೂ ಬೇರೆ. ಸರಿ ಹೊಂದಿದ್ದು ಚಾಸಿಯ, ಅಂದರೆ ಗಾಡಿಯ ಅಡಿಯ ಚೌಕಟ್ಟಿನ, ನಂಬರು ಮಾತ್ರ. ಈ ಬಗ್ಗೆ ಕೇಳಿದಾಗ ಮಾರುವವರು ನಗುತ್ತಲೇ, "ನಂಬರು ಸರಿ ಮಾಡಿಸಲಿಕ್ಕೆ ಹೋದರೆ ಗಾಡಿಯೇ ಹೋಗ್ತದೆ ಸಾರ್. ಇಷ್ಟು ವರ್ಷ ಯಾರೂ ಬಾನೆಟ್ ತೆಗೆದು ನೋಡಿದ್ದಿಲ್ಲ" ಎಂದರು.

ಯಾರೂ ಬಾನೆಟ್ ತೆಗೆದು ನೋಡಿಲ್ಲವೆಂಬುದು ನಿಜವೇ ಇರಬಹುದು. ಮಾಲೀಕತ್ವದ ವರ್ಗಾವಣೆ ಅನೇಕ ಸಲ ಕಾಗದದ ಮೇಲೆಯೇ ಮುಗಿದುಹೋಗುತ್ತದೆ. ಆದರೆ ನೋಂದಣಿಯ ಅವಧಿ ತೀರಿ ನವೀಕರಣಕ್ಕೆ ಗಾಡಿಯನ್ನೇ ಕಚೇರಿಯ ಅಂಗಳಕ್ಕೆ ಒಯ್ಯಬೇಕಾದ ದಿನ ಬಾನೆಟ್ ತೆಗೆಯಲೇಬೇಕಾಗುತ್ತದೆ. ಆ ದಿನ ಗಾಡಿಯ ಪಕ್ಕದಲ್ಲಿ ನಿಲ್ಲುವವರು ಮಾರಿದವರಲ್ಲ, ಕೊಂಡವರು.

ಇಷ್ಟಕ್ಕೂ ಹೆರಾಲ್ಡಿನ ಟಾಪನ್ನು ಅಷ್ಟು ಸುಲಭವಾಗಿ ತೆಗೆಯಲು ಬರುವುದೇಕೆ ಎಂಬುದನ್ನು ಹೇಳದೆ ಮುಂದೆ ಹೋಗಲಾರೆ. ಪಾಠ ಹೇಳಿದ ಅಭ್ಯಾಸ ಬಿಡುವುದಿಲ್ಲ, ಓದುಗರು ಕ್ಷಮಿಸಬೇಕು. ಇಂಗ್ಲೆಂಡಿನ ಸ್ಟ್ಯಾಂಡರ್ಡ್-ಟ್ರಯಂಫ್ ಕಂಪೆನಿ 1959ರಲ್ಲಿ ಹೊರತಂದ ಈ ಕಾರಿಗೆ ರೂಪ ಕೊಟ್ಟವರು ಇಟಲಿಯ ಜೊವಾನ್ನಿ ಮಿಕೆಲೊಟ್ಟಿ. ಆ ಕಂಪೆನಿಗೆ ಬಾಡಿ ಒದಗಿಸುತ್ತಿದ್ದ ಕಾರ್ಖಾನೆಯು ಅದಕ್ಕೆ ಮೊದಲೇ ಎದುರಾಳಿ ಕಂಪೆನಿಯ ಕೈಸೇರಿತ್ತು. ಇಡೀ ಬಾಡಿಯನ್ನು ಒಂದೇ ತುಂಡಾಗಿ ಒತ್ತಿ ಕೊಡುವವರು ಸಿಗದೆ ಹೋದಾಗ, ಅದನ್ನು ಬಿಡಿಬಿಡಿ ಭಾಗಗಳಾಗಿ ಬೇರೆಬೇರೆ ಕಡೆ ಮಾಡಿಸಿ, ಲಾರಿಗಳಿಗೆ ಇರುವಂಥ ಪ್ರತ್ಯೇಕ ಚಾಸಿಯ ಮೇಲೆ ಬೋಲ್ಟು ಹಾಕಿ ಕೂರಿಸುವ ಉಪಾಯವನ್ನು ಅವರು ಮಾಡಿದರು. ಟಾಪು ಕೂಡ ಅಂಥ ಒಂದು ಭಾಗ. ಹೀಗಾಗಿ ಒಂದೇ ಚಾಸಿಯ ಮೇಲೆ ಸಲೂನ್, ಕೂಪೆ, ಕನ್ವರ್ಟಿಬಲ್, ಎಸ್ಟೇಟ್ ಎಲ್ಲವನ್ನೂ ಮಾಡಲು ಅವರಿಗೆ ಸಾಧ್ಯವಾಯಿತು. ಬಿಡಿಭಾಗಗಳನ್ನು ಹಡಗಿನಲ್ಲಿ ತರಿಸಿ ಇಲ್ಲಿ ಜೋಡಿಸುವುದಕ್ಕೂ ಈ ರಚನೆ ಅನುಕೂಲವಾಗಿತ್ತು. ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಕಂಪೆನಿಯು 1961ರಿಂದ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ಇದನ್ನು ತಯಾರಿಸತೊಡಗಿತು, 1968ರ ಸುಮಾರಿಗೆ ಬೇರೆ ಯಾವ ದೇಶದಲ್ಲಿಯೂ ಇಲ್ಲದ ನಾಲ್ಕು ಬಾಗಿಲಿನ ಹೆರಾಲ್ಡನ್ನು ಹೊರತಂದಿತು, 1970ರ ದಶಕದ ಆರಂಭದಲ್ಲಿ ಅದರ ಜಾಗಕ್ಕೆ ಗೆಜೆಲ್ ಎಂಬ ಕಾರು ಬಂತು.

ನಮ್ಮ ಕರಾವಳಿಯಲ್ಲಿ ನಾನು ಈವರೆಗೆ ಕಂಡ ತೆರೆದ ಹೆರಾಲ್ಡ್‌ಗಳೆಲ್ಲ ಹುಟ್ಟಿನಲ್ಲಿ ಸಲೂನ್ ಆಗಿದ್ದು, ಬಳಿಕ ಯಾವುದೋ ಗ್ಯಾರೇಜಿನಲ್ಲಿ ಟಾಪು ಕಳಚಿಸಿಕೊಂಡವು. ಇದರಲ್ಲಿ ಅಪಾಯ ಅಷ್ಟಾಗಿ ಇಲ್ಲ, ಏಕೆಂದರೆ ಭಾರವನ್ನು ಹೊರುವುದು ಚಾಸಿ. ಆದರೆ ಇದನ್ನು ನೋಡಿ ಫಿಯೆಟ್ಟಿನ ಅಥವಾ ಅಂಬಾಸಡರಿನ ಟಾಪು ಕತ್ತರಿಸಿ ಮದುವೆ ದಿಬ್ಬಣಕ್ಕೆ ಬಾಡಿಗೆಗೆ ಬಿಡುವವರಿದ್ದಾರೆ. ಅದು ಬೇರೆಯೇ ವಿಷಯ. ಆ ಕಾರುಗಳಿಗೆ ಪ್ರತ್ಯೇಕ ಚಾಸಿ ಎಂಬುದೇ ಇಲ್ಲ; ಟಾಪು, ಕಂಬ, ನೆಲ ಎಲ್ಲವೂ ಸೇರಿಯೇ ಗಾಡಿಯ ಬಲ. ಟಾಪು ಹೋದರೆ ನಡು ಬಾಗುತ್ತದೆ. ಅಂಥ ಕಾರನ್ನು ಕೊಳ್ಳುವ ಮನಸ್ಸಿದ್ದವರು ಒಂದು ಬದಿಗೆ ಜಾಕ್ ಕೊಟ್ಟು ಎತ್ತಿ, ಬಾಗಿಲು ತೆರೆದು ಮುಚ್ಚಿ ನೋಡಲಿ. ಬಾಗಿಲು ಬಿಗಿದುಕೊಂಡರೆ ಅಲ್ಲಿಂದಲೇ ಹಿಂದಿರುಗಬಹುದು.

ಇನ್ನು ಇಂಜಿನ್ನಿನ ವಿಷಯ. ಬದಲಿಸಿದವರೆಲ್ಲ ಚಪಲಕ್ಕೆ ಬದಲಿಸಿದರು ಎನ್ನಲಾಗದು. ಹೆರಾಲ್ಡ್ ತಯಾರಿಕೆ ನಿಂತ ಮೇಲೆ ಪಿಸ್ಟನ್, ಬೇರಿಂಗು, ಗ್ಯಾಸ್ಕೆಟ್ಟು ಒಂದೊಂದಾಗಿ ಸಿಗದಾದವು. ಮದರಾಸಿಗೆ ಹೋಗಿ ಹಳೆಯ ಅಂಗಡಿಗಳಲ್ಲಿ ಹುಡುಕಿ ತರುವವರಿಗೂ ಕೈಖಾಲಿಯಾಯಿತು. 2000ನೇ ಇಸವಿಯ ಬಳಿಕ ಸೀಸವಿರುವ ಪೆಟ್ರೋಲೂ ಸಿಗದಂತಾಯಿತು, ಹಳೆಯ ಎರಕದ ಹೆಡ್ಡಿನ ವಾಲ್ವ್ ಸೀಟುಗಳಿಗೆ ಆ ಸೀಸವೇ ರಕ್ಷಣೆಯಾಗಿತ್ತು. ಈಗಿನ ಶೇ. 20 ಎಥೆನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರು ಪೈಪುಗಳನ್ನೂ ಪಂಪಿನ ಡಯಾಫ್ರಮ್ಮನ್ನೂ ಮೆತ್ತಗೆ ಮಾಡಿ ಕೊಳೆಯಿಸುತ್ತದೆ. ಇಷ್ಟರ ನಡುವೆ ಹಳೆಯ ಕಾರನ್ನು ಗುಜರಿಗೆ ಹಾಕುವ ಬದಲು ಓಡುವ ಇಂಜಿನ್ನೊಂದನ್ನು ಕೂರಿಸಿ ಉಳಿಸಿಕೊಂಡ ಮೇಸ್ತ್ರಿಗಳ ಬಗ್ಗೆ ನನಗೆ ಗೌರವವಿದೆ. ಜಿಪ್ಸಿಯದ್ದೇ ಏಕೆ ಎಂದರೆ, ಅದರ ಇಂಜಿನ್ ಉದ್ದಕ್ಕೆ ಕೂರುತ್ತದೆ, ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿನಿಂದ ಪ್ರತ್ಯೇಕವಾಗಿದೆ. ಅದನ್ನು ಬಿಟ್ಟು ಗೇರ್‌ಬಾಕ್ಸನ್ನು ನೇರವಾಗಿ ಹಿಂದಿನ ಆಕ್ಸಲಿಗೆ ಜೋಡಿಸಲು ಬರುತ್ತದೆ.

ಆದರೆ ಕೆಲಸ ಅಲ್ಲಿಗೆ ನಿಲ್ಲಬಾರದು, ಬಹಳ ಕಡೆ ಅಲ್ಲಿಗೇ ನಿಲ್ಲುತ್ತದೆ. ಹೆರಾಲ್ಡಿನ ಮೂಲ ಇಂಜಿನ್ನಿನ ಶಕ್ತಿ ಸುಮಾರು 35 ಅಶ್ವಶಕ್ತಿ. ಪೆಟ್ರೋಲನ್ನು ಇಂಜೆಕ್ಟರಿನಿಂದ ಚಿಮ್ಮಿಸುವ ಜಿಪ್ಸಿ ಇಂಜಿನ್ನಿನದು ಸುಮಾರು 80. ಎರಡು ಪಟ್ಟಿಗೂ ಹೆಚ್ಚಿನ ಈ ಶಕ್ತಿಯನ್ನು ತಡೆಯಬೇಕಾದದ್ದು ನಾಲ್ಕೂ ಚಕ್ರಗಳಿಗೆ ಇರುವ, ಅರುವತ್ತರ ದಶಕದ ವೇಗಕ್ಕೆಂದು ಮಾಡಿದ ಡ್ರಮ್ ಬ್ರೇಕುಗಳು. ಅದಕ್ಕಿಂತ ಗಂಭೀರವಾದದ್ದು ಹಿಂದಿನ ಆಕ್ಸಲಿನ ಸಂಗತಿ. ಹೆರಾಲ್ಡಿನ ಹಿಂದಿನ ಚಕ್ರಗಳನ್ನು ಹಿಡಿದಿರುವುದು ಅಡ್ಡಲಾಗಿ ಕೂತ ಒಂದೇ ಒಂದು ಪಟ್ಟಿ ಸ್ಪ್ರಿಂಗು ಮತ್ತು ನಡುವಿನ ಡಿಫರೆನ್ಷಿಯಲಿನಿಂದ ತೊಟ್ಟಿಲಿನಂತೆ ತೂಗಾಡುವ ಎರಡು ಅರ್ಧ ಆಕ್ಸಲುಗಳು. ವೇಗವಾಗಿ ತಿರುವಿಗೆ ಹೋಗಿ ಗಾಬರಿಯಿಂದ ಆಕ್ಸಿಲರೇಟರು ಬಿಟ್ಟು ಬ್ರೇಕು ಒತ್ತಿದರೆ ಗಾಡಿಯ ಹಿಂಭಾಗ ಮೇಲೆದ್ದು, ಹೊರಬದಿಯ ಹಿಂಚಕ್ರ ಒಳಕ್ಕೆ ಮಡಚಿಕೊಂಡು, ಹಿಂಭಾಗವೇ ಮುಂದಕ್ಕೆ ಬರುವ ಹಾಗೆ ಜಾರುತ್ತದೆ. 35 ಅಶ್ವಶಕ್ತಿಯಲ್ಲಿ ಈ ಸ್ಥಿತಿಗೆ ತಲುಪುವುದಕ್ಕೆ ಚಾಲಕ ಸ್ವಲ್ಪ ಪ್ರಯತ್ನ ಮಾಡಬೇಕಾಗಿತ್ತು. 80ರಲ್ಲಿ ಪಡುಬಿದ್ರಿಯಿಂದ ಕಾರ್ಕಳದ ಕಡೆಗೆ ಹೋಗುವ ರಸ್ತೆಯ ಯಾವುದಾದರೂ ಒಂದು ತಿರುವು ಸಾಕು. ಕಲ್ಯಾಣಪುರದ ಕಾರಿನಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು ಹಾಕಿದ್ದರು, ಆ ಮಟ್ಟಿಗೆ ಅವರು ಬೇರೆಯವರಿಗಿಂತ ಮೇಲು. ಹಿಂದಿನ ಆಕ್ಸಲನ್ನು ಮುಟ್ಟಿರಲಿಲ್ಲ. ಸ್ಪೀಡೊಮೀಟರಿನ ಮುಳ್ಳು ಸೊನ್ನೆಯ ಮೇಲೆಯೇ ಮಲಗಿತ್ತು, ಏಕೆಂದರೆ ಜಿಪ್ಸಿಯ ಗೇರ್‌ಬಾಕ್ಸಿಗೆ ಹೆರಾಲ್ಡಿನ ಕೇಬಲು ಕೂರುವುದಿಲ್ಲ. ಎರಡು ಪಟ್ಟು ಶಕ್ತಿ ಬಂದ ಗಾಡಿಯಲ್ಲಿ ವೇಗ ಎಷ್ಟೆಂದು ತಿಳಿಯುವ ದಾರಿಯೇ ಇಲ್ಲದಿರುವುದು ನನಗೆ ಎಲ್ಲಕ್ಕಿಂತ ವಿಚಿತ್ರವಾಗಿ ಕಂಡಿತು.

ಈ ವಿಷಯದಲ್ಲಿ ನಾನು ತಪ್ಪು ಮಾಡದವನೇನೂ ಅಲ್ಲ. ನಮ್ಮ ತಂದೆಯವರು ಕಾರ್ಕಳದಲ್ಲಿ ವೈದ್ಯರಾಗಿದ್ದರು. 1966ರಲ್ಲಿ ಅವರು ಇಂಥದ್ದೇ ಎರಡು ಬಾಗಿಲಿನ ಹೆರಾಲ್ಡನ್ನು ಕೊಂಡಿದ್ದರು. ಇಪ್ಪತ್ತೈದು ಅಡಿ ಅಗಲದೊಳಗೆ ಪೂರ್ತಿ ತಿರುಗಬಲ್ಲ ಕಾರು ಅದು, ರೋಗಿಯ ಮನೆಯ ಅಂಗಳದಲ್ಲಿ ಒಂದೇ ಸುತ್ತಿಗೆ ತಿರುಗಿಸಿ ಹೊರಡುವುದು ಅವರಿಗೆ ಒಂದು ಹೆಮ್ಮೆ. 1987ರ ಮೇ ತಿಂಗಳಲ್ಲಿ ಆಗುಂಬೆ ಘಾಟಿ ಹತ್ತುವಾಗ, ಹದಿನಾಲ್ಕು ತಿರುವುಗಳಲ್ಲಿ ಎಂಟನ್ನೋ ಒಂಬತ್ತನ್ನೋ ದಾಟಿದ ಮೇಲೆ, ನೀರು ಕುದಿದು ಇಂಜಿನ್ ಜಾಮ್ ಆಯಿತು. ಬಿಡಿಭಾಗ ಸಿಗಲಿಲ್ಲ. ಮಂಗಳೂರಿನ ಗ್ಯಾರೇಜೊಂದರಲ್ಲಿ ಪ್ರೀಮಿಯರ್ ಪದ್ಮಿನಿಯ 1089 ಸಿಸಿ ಇಂಜಿನ್ ಹಾಕಿಸಿದೆವು. ಮೋಟಾರು ಓದಿದ ಮಗ ನಾನೇ ಜತೆಯಲ್ಲಿ ನಿಂತು ಮಾಡಿಸಿದ್ದು. ಆರ್‌ಸಿಯಲ್ಲಿ ಬರೆಸಬೇಕೆಂದು ತಂದೆಯವರು ಎರಡು ಮೂರು ಸಲ ನೆನಪಿಸಿದರು, ನಾನು ನಾಳೆ ನಾಳೆ ಎಂದೆ. ತೆಗೆದ ಇಂಜಿನ್ನು ಮನೆಯ ಹಿಂದೆ ಮಳೆಯಲ್ಲಿ ಬಿದ್ದಿತ್ತು, ಒಂದು ದಿನ ಗುಜರಿಯವನು ಬಂದಾಗ ತೂಕಕ್ಕೆ ಕೊಟ್ಟುಬಿಟ್ಟೆವು.

ತಂದೆಯವರು ತೀರಿಕೊಂಡ ಮೇಲೆ, 2004ರಲ್ಲಿ ನೋಂದಣಿ ನವೀಕರಣಕ್ಕೆಂದು ಕಾರನ್ನು ಒಯ್ದಾಗ, ಯಾವ ಊರಿನ ಕಚೇರಿ ಎಂಬುದು ಇಲ್ಲಿ ಮುಖ್ಯವಲ್ಲ, ಇನ್‌ಸ್ಪೆಕ್ಟರು ಬಾನೆಟ್ ತೆಗೆಸಿದರು. ಅವರು ನನ್ನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಹಳೆಯ ಇಂಜಿನ್ ಎಲ್ಲಿದೆ? ಉತ್ತರ ನನ್ನಲ್ಲಿರಲಿಲ್ಲ. ಹೊಸ ಇಂಜಿನ್ ಯಾವ ಗಾಡಿಯಿಂದ ಬಂದದ್ದು, ಅದನ್ನು ಕೊಂಡ ಬಿಲ್ಲು ಎಲ್ಲಿ ಎಂದರು, ಅದೂ ಇರಲಿಲ್ಲ. ಕದ್ದ ಗಾಡಿಯ ಇಂಜಿನ್ ಅಲ್ಲವೆಂದು ತೋರಿಸುವ ಹೊಣೆ ನನ್ನ ಮೇಲೆಯೇ ಬಿತ್ತು. ಅವರು ಒರಟಾಗಿ ನಡೆದುಕೊಳ್ಳಲಿಲ್ಲ, ಲಂಚವನ್ನೂ ಕೇಳಲಿಲ್ಲ. ಕಾಗದದಲ್ಲಿ ಇಲ್ಲದ್ದಕ್ಕೆ ಸಹಿ ಹಾಕಲಾರೆ ಎಂದರು, ಅಷ್ಟೇ. ಆರು ಸಲ ತಿರುಗಿದೆ. ಬಳಿಕ ಏಳು ವರ್ಷ ಕಾರು ಕೊಟ್ಟಿಗೆಯಲ್ಲಿ ನಿಂತು, ಇಲಿ ಸೀಟು ಕೊರೆದು, ಕೊನೆಗೆ ಬಿಡಿಭಾಗವಾಗಿ ಹೋಯಿತು. ಪ್ರತಿವರ್ಷ ಮೊದಲನೆಯ ಸೆಮಿಸ್ಟರಿನ ಹುಡುಗರಿಗೆ ನೋಂದಣಿಯ ನಿಯಮಗಳನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದವನೇ ನಾನು.

ಆಗಿನ ನಿಯಮಕ್ಕಿಂತ ಈಗಿನದು ಇನ್ನೂ ಬಿಗಿ. ಮೋಟಾರು ವಾಹನಗಳ ಕಾಯ್ದೆ, 1988ರ 52ನೇ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ನಿಗದಿಪಡಿಸಿದ ವಿವರಕ್ಕಿಂತ ಆರ್‌ಸಿಯ ವಿವರ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮಿನಂತೆ ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಸಜೆ, ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಕಲ್ಯಾಣಪುರದ ಕಾರಿನಲ್ಲಿ ಟಾಪು ತೆಗೆದದ್ದು ಒಂದು ಮಾರ್ಪಾಡು, ಇಂಜಿನ್ ಬದಲಿಸಿದ್ದು ಇನ್ನೊಂದು. ಅದೇ ತಯಾರಕರ ಅದೇ ಮಾದರಿಯ ಇಂಜಿನ್ ಹಾಕುವುದಾದರೆ ನೋಂದಣಿ ಅಧಿಕಾರಿಯ ಅನುಮತಿ ಪಡೆಯುವ ದಾರಿಯಿದೆ. ಅನುಮತಿ ಪಡೆದು ಮಾಡಿದ ಬದಲಾವಣೆಯನ್ನು ಹದಿನಾಲ್ಕು ದಿನಗಳೊಳಗೆ ಆರ್‌ಸಿಯಲ್ಲಿ ದಾಖಲಿಸಲು ಒಪ್ಪಿಸಬೇಕು. ಒಪ್ಪಿಗೆ ಪಡೆದ ಕಿಟ್‌ನಿಂದ ಸಿಎನ್‌ಜಿಗೋ ಬ್ಯಾಟರಿಗೋ ಬದಲಿಸಿಕೊಳ್ಳುವುದಕ್ಕೂ ಕಾಯ್ದೆಯಲ್ಲಿ ಅವಕಾಶವಿದೆ. ಹೆರಾಲ್ಡಿಗೆ ಜಿಪ್ಸಿಯ ಪೆಟ್ರೋಲ್ ಇಂಜಿನ್ ಹಾಕುವುದಕ್ಕೆ ಮಾತ್ರ ಇಲ್ಲ. ಹಳೆಯ ಕಾರಿಗೆ ಬ್ಯಾಟರಿ ತುಂಬಿದರೆ ಸಕ್ರಮ, ದೊಡ್ಡ ಇಂಜಿನ್ ಇಟ್ಟರೆ ಅಕ್ರಮ ಎಂಬುದು ಕೇಳುವುದಕ್ಕೆ ವಿಚಿತ್ರವಾಗಿದ್ದರೂ ಸದ್ಯದ ನಿಯಮ ಇರುವುದು ಹೀಗೆಯೇ.

ವಿಮೆಯ ಮಾತು ಬೇರೆ. ಪಾಲಿಸಿಯಲ್ಲಿ ಬರೆದ ಇಂಜಿನ್ ನಂಬರಿನ ಗಾಡಿಯೇ ಇದಲ್ಲ ಎಂದು ಸರ್ವೇಯರು ವರದಿ ಬರೆದರೆ ಪರಿಹಾರ ಕೇಳುವವರ ಕಷ್ಟವನ್ನು ನಾನು ವಿವರಿಸಬೇಕಾಗಿಲ್ಲ.

ಈಗ ಹಣದ ಲೆಕ್ಕಕ್ಕೆ ಬರುತ್ತೇನೆ, ಏಕೆಂದರೆ ನನ್ನ ಸೋದರಳಿಯನಿಗೆ ಕೊನೆಗೆ ನಾಟಿದ್ದು ಇದೇ. ಕೇಂದ್ರ ಸರಕಾರವು 2021ರ ಜುಲೈಯಲ್ಲಿ ವಿಂಟೇಜ್ ವಾಹನಗಳಿಗೆಂದೇ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ಖಾಸಗಿ ವಾಹನಗಳು ಇದರ ವ್ಯಾಪ್ತಿಗೆ ಬರುತ್ತವೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ, ಹತ್ತು ವರ್ಷದ ಮಾನ್ಯತೆ. ಹೊಸದಾಗಿ ನೋಂದಣಿಯಾಗುವ ಗಾಡಿಯ ನಂಬರಿನಲ್ಲಿ ವಿಎ ಎಂಬ ಅಕ್ಷರಗಳಿರುತ್ತವೆ, ಈಗಾಗಲೇ ನೋಂದಣಿ ಇದ್ದರೆ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲು ತುಂಬಿಸುವುದು ಇಂಥ ಕೆಲಸಗಳಿಗೆ ರಸ್ತೆಗಿಳಿಸಬಹುದು. ಎಲ್ಲದರ ಮೇಲಿನ ಷರತ್ತು ಎಂದರೆ ವಾಹನವು ಮೂಲರೂಪದಲ್ಲಿರಬೇಕು. ಚಾಸಿ, ಬಾಡಿ, ಇಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಕೂಡದು. ಅಂದರೆ 1967ರ ಈ ಹೆರಾಲ್ಡ್, ಏದುಸಿರು ಬಿಡುವ ತನ್ನ 948 ಸಿಸಿ ಇಂಜಿನ್ನಿನೊಂದಿಗೆ, ಟಾಪಿನ ಸಮೇತ ಇದ್ದಿದ್ದರೆ ಇಂದು ಈ ನಿಯಮಕ್ಕೆ ಸಲ್ಲುತ್ತಿತ್ತು. ಒಳ್ಳೆಯ ಇಂಜಿನ್ ಬಂದ ಕಾರಣದಿಂದಲೇ ಅದು ಸಲ್ಲದಾಗಿದೆ. ಮಾರುವವರು ಯಾವುದಕ್ಕಾಗಿ ಎರಡು ಲಕ್ಷ ಹೆಚ್ಚು ಹೇಳಿದ್ದರೋ ಅದೇ ಆ ಕಾರಿನ ಬೆಲೆಯನ್ನು ಇಳಿಸುವ ಸಂಗತಿ. ಮೂಲರೂಪದಲ್ಲಿ ಉಳಿದ ಗಾಡಿ ಎಂದರೆ ಹೇಗಿರುತ್ತದೆ ಎಂದು ನೋಡಬೇಕೆನ್ನುವವರು ದೂರ ಹೋಗಬೇಕಾಗಿಲ್ಲ, ಧರ್ಮಸ್ಥಳದಲ್ಲಿರುವ ಹಳೆಯ ಕಾರುಗಳ ಸಂಗ್ರಹವನ್ನು ನೋಡಿಕೊಂಡು ಬಂದರೆ ಸಾಕು.

ನಮ್ಮ ಕಡೆ ಇಂಥ ಕಾರು ಕೊಳ್ಳುವವರು ಗಮನಿಸಬೇಕಾದ ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ತೆರೆದ ಕಾರು ನಮ್ಮಲ್ಲಿ ಯಕ್ಷಗಾನ ಮೇಳದಂತೆ ದೀಪಾವಳಿಯ ಬಳಿಕ ಹೊರಟು ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯ ಹೊತ್ತಿಗೆ ಗೂಡು ಸೇರಬೇಕಾದದ್ದು. ವರ್ಷಕ್ಕೆ ಮೂರೂವರೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಊರಿನಲ್ಲಿ ಕ್ಯಾನ್ವಾಸಿನ ಹುಡ್ ಮಳೆಗಾಲದ ಆಟಿ ತಿಂಗಳು ಕಳೆಯುವುದರೊಳಗೆ ಬೂಷ್ಟು ಹಿಡಿಯುತ್ತದೆ. ಮೇಲಿನಿಂದ ಇಳಿದ ನೀರು ನೆಲಹಾಸಿನ ಕೆಳಗೆ ನಿಂತು ತಗಡನ್ನು ತಿನ್ನುತ್ತದೆ, ಕೆಳಗಿನಿಂದ ಕಡಲಿನ ಉಪ್ಪುಗಾಳಿ ತಿನ್ನುತ್ತದೆ. ಹೆರಾಲ್ಡಿನಲ್ಲಿ ಮೊದಲು ಹೋಗುವುದು ಚಾಸಿಯಿಂದ ಎರಡೂ ಬದಿಗೆ ಚಾಚಿ ಬಾಡಿಯನ್ನು ಹೊತ್ತ ತೋಳುಗಳು ಮತ್ತು ಡಿಕ್ಕಿಯ ನೆಲ. ಹೊಳೆಯುವ ಬಣ್ಣಕ್ಕೆ ಮರುಳಾಗದೆ ಒಂದು ಸಣ್ಣ ಆಯಸ್ಕಾಂತವನ್ನು ಹಿಡಿದುಕೊಂಡು ಹೋಗಿ, ಬಾಗಿಲಿನ ಕೆಳಗಿನ ಪಟ್ಟಿಯುದ್ದಕ್ಕೂ ತಾಗಿಸಿ ನೋಡಬೇಕು. ಆಯಸ್ಕಾಂತ ಹಿಡಿಯದ ಜಾಗದಲ್ಲಿ ಇರುವುದು ತಗಡಲ್ಲ, ಪುಟ್ಟಿ. ಕಲ್ಯಾಣಪುರದ ಕಾರಿನಲ್ಲಿ ಎಡಬದಿಯಲ್ಲಿ ಒಂದು ಗೇಣಿನಷ್ಟು ಹಿಡಿಯಲಿಲ್ಲ. ಅದು ದೊಡ್ಡ ದೋಷವಲ್ಲ.

ಹೊರಡುವ ಮೊದಲು ನಾನು ಕಲ್ಯಾಣಪುರದವರಲ್ಲಿ, 2004ರಲ್ಲಿ ನನ್ನಲ್ಲಿ ಕೇಳಿದ್ದ ಪ್ರಶ್ನೆಯನ್ನೇ ಕೇಳಿದೆ: ಹಳೆಯ ಇಂಜಿನ್ ಎಲ್ಲಿದೆ? ಅವರು ನಮ್ಮನ್ನು ಕೊಟ್ಟಿಗೆಯ ಹಿಂಬದಿಗೆ ಕರೆದುಕೊಂಡು ಹೋದರು. ಗೋಣಿಚೀಲ ಸುತ್ತಿ ಕಲ್ಲಿನ ಮೇಲೆ ಎತ್ತಿಟ್ಟ ಇಂಜಿನ್ ಅಲ್ಲಿತ್ತು. ಪ್ಲಗ್ಗಿನ ತೂತುಗಳಿಗೆ ಬಟ್ಟೆ ತುರುಕಿ, ಒಳಗೆ ಎಣ್ಣೆ ಹೊಯ್ದು ಇಟ್ಟಿದ್ದರು. ಉಜ್ಜಿ ನೋಡಿದಾಗ ನಂಬರು ಆರ್‌ಸಿಯದ್ದೇ. ಅದರ ಪಕ್ಕದಲ್ಲಿ ಗೋಡೆಗೆ ಒರಗಿಸಿದ್ದ, ಕೆನೆಬಣ್ಣದ ದೊಡ್ಡ ತಗಡಿನ ಹರಿವಾಣದಂಥ ವಸ್ತು ಹೆರಾಲ್ಡಿನ ಟಾಪು. ಅದರಲ್ಲಿ ತೆಂಗಿನ ಸಿಪ್ಪೆ ತುಂಬಿದ್ದರು. ನನಗೆ ಆ ಕಾರಿಗಿಂತ ಈ ಎರಡನ್ನು ನೋಡಿಯೇ ಹೆಚ್ಚು ಸಂತೋಷವಾಯಿತು. ಬೋಲ್ಟು ಬಿಚ್ಚಿ ತೆಗೆದ ಟಾಪನ್ನು ಬೋಲ್ಟು ಹಾಕಿ ಕೂರಿಸಬಹುದು. ಬಿಡಿಭಾಗಗಳು ಈಗ ವಿದೇಶದಿಂದ ತರಿಸಿದರೆ ಸಿಗುತ್ತವೆ, ನಮ್ಮ ತಂದೆಯವರ ಕಾಲದ ಹಾಗಲ್ಲ. ಆ ಇಂಜಿನ್ನಿಗೆ ಮರುಜೀವ ಕೊಡುವುದು ದುಬಾರಿಯಾದರೂ ಅಸಾಧ್ಯವಲ್ಲ. ಇಷ್ಟು ಇದ್ದೂ ಜಾಹೀರಾತಿನಲ್ಲಿ ಅವರು ಬರೆಸಿದ್ದು ಹೊಸ ಇಂಜಿನ್ನಿನ ಬಗ್ಗೆ ಮಾತ್ರ. ಹಳೆಯದಕ್ಕೆ ಬೆಲೆಯಿದೆ ಎಂದು ಅವರಿಗೆ ತೋಚಲೇ ಇಲ್ಲವಂತೆ, ಕಾರು ಕೊಂಡವರು ಕೇಳಿದರೆ ಹಾಗೆಯೇ ಕೊಡುತ್ತಿದ್ದರಂತೆ.

ಸಾರಿಗೆ ಇಲಾಖೆಯಲ್ಲಿ ನನ್ನದೊಂದು ವಿನಂತಿ ಇದೆ. ಇಪ್ಪತ್ತು ಮೂವತ್ತು ವರ್ಷಗಳ ಹಿಂದೆ ಬಿಡಿಭಾಗ ಸಿಗದೆ ಇಂಜಿನ್ ಬದಲಿಸಿದ ಹಳೆಯ ಕಾರುಗಳು ಮಂಗಳೂರು, ಉಡುಪಿ, ಪುತ್ತೂರು ಕಡೆಗಳ ಕೊಟ್ಟಿಗೆಗಳಲ್ಲಿ ಇನ್ನೂ ಇವೆ. ಅವುಗಳನ್ನು ಮತ್ತೆ ಮೂಲರೂಪಕ್ಕೆ ತರಲು ಮನಸ್ಸಿರುವ ಮಾಲೀಕರು ದಂಡದ ಹೆದರಿಕೆಯಿಲ್ಲದೆ ಬಂದು, ಏನೇನು ಸರಿಪಡಿಸಿದರೆ ನವೀಕರಣ ಆದೀತು ಎಂದು ಕೇಳಿ ತಿಳಿಯುವುದಕ್ಕೆ ತಿಂಗಳಿಗೆ ಒಂದು ದಿನವನ್ನು ಗೊತ್ತುಪಡಿಸಿದರೆ ಉಪಕಾರವಾದೀತು. ಈಗ ಹೆಚ್ಚಿನವರು ಕಚೇರಿಯ ಗೇಟಿನ ಹೊರಗೆ ಬ್ರೋಕರಿನಲ್ಲಿ ಕೇಳಿ, ಅವನು ಹೆದರಿಸಿದ್ದನ್ನು ನಂಬಿ ಹಿಂದಿರುಗುತ್ತಾರೆ.

ತಮ್ಮಲ್ಲಿ ಕೇಳುವುದು ಅದಕ್ಕಿಂತ ಸಣ್ಣದು. ಹಳೆಯ ವಾಹನಗಳ ಜಾಹೀರಾತು ಸ್ವೀಕರಿಸುವ ಫಾರ್ಮಿನಲ್ಲಿ ಎರಡು ಪ್ರಶ್ನೆಗಳನ್ನು ಸೇರಿಸಬಹುದೆ? ವಾಹನದಲ್ಲಿ ಈಗ ಇರುವ ಇಂಜಿನ್ನಿನ ನಂಬರು ಆರ್‌ಸಿಯಲ್ಲಿ ಇರುವುದೇ ಎಂಬುದು ಒಂದು, ಅಲ್ಲವಾದರೆ ಮೂಲ ಇಂಜಿನ್ ಜತೆಗೆ ಸಿಗುತ್ತದೆಯೇ ಎಂಬುದು ಇನ್ನೊಂದು. ಉತ್ತರವನ್ನು ಜಾಹೀರಾತಿನಲ್ಲಿಯೇ ಅಚ್ಚು ಮಾಡಿದರೆ ಕೊಳ್ಳುವವರಿಗೂ ತಿಳಿಯುತ್ತದೆ, ಮಾರುವವರಿಗೂ ತಮ್ಮ ಕೊಟ್ಟಿಗೆಯಲ್ಲಿರುವುದು ಏನೆಂಬುದು ನೆನಪಾಗುತ್ತದೆ.

ನನ್ನ ಸೋದರಳಿಯನ ರಜೆ ಮುಗಿದಿದೆ. ಟಾಪು, ಹಳೆಯ ಇಂಜಿನ್ ಎರಡೂ ಸೇರಿ ಏಳು ಲಕ್ಷಕ್ಕೆ ಕೊಡುವುದಾದರೆ ಬರುವ ಡಿಸೆಂಬರಿನಲ್ಲಿ ಮಾತನಾಡುವ ಎಂದು ಹೇಳಿ ಹೋಗಿದ್ದಾನೆ. ಅಷ್ಟರವರೆಗೆ ಕಾಯುವುದು ಕಷ್ಟವೆಂದೂ, ಜಾಹೀರಾತನ್ನು ಮತ್ತೊಮ್ಮೆ ಹಾಕಿಸುತ್ತೇನೆಂದೂ ಕಲ್ಯಾಣಪುರದವರು ಮೊನ್ನೆ ಫೋನಿನಲ್ಲಿ ತಿಳಿಸಿದರು. ಮೂಲ ಇಂಜಿನ್ ಮತ್ತು ಟಾಪು ಜತೆಗಿದೆ, ಆರ್‌ಸಿಯಲ್ಲಿರುವುದು ಅದೇ ಇಂಜಿನ್ ಎಂದು ಬರೆಸಿ ಎಂದು ನಾನು ಹೇಳಿದಾಗ, ನಾಲ್ಕು ಸಾಲಿಗೆ ಒಂದು ದರ, ಐದನೆಯ ಸಾಲಿಗೆ ಪ್ರತ್ಯೇಕ ಹಣ ಕೊಡಬೇಕಲ್ಲ ಸಾರ್ ಎಂದರು. ಆ ಐದನೆಯ ಸಾಲಿನ ಹಣವನ್ನು ಇಂಥ ಜಾಹೀರಾತುಗಳ ಮಟ್ಟಿಗಾದರೂ ತಾವು ಬಿಟ್ಟುಕೊಡುವ ಕುರಿತು ಯೋಚಿಸಬೇಕಾಗಿ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪಾಲಿಟೆಕ್ನಿಕ್ ಉಪನ್ಯಾಸಕ,
ಉಡುಪಿ